ರಾತ್ರಿಯ ಕಡಲಿಗೆ ಯಾವಾಗ ಇಳಿಯಬಹುದು?

'ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಬಂದೆ. ಮುಂದಿನ ರಜೆಗೆ ಅಂಡಮಾನಿನಲ್ಲಿ ರಾತ್ರಿ ಡೈವಿಂಗ್ ಮಾಡಬಹುದೇ?' ಎಂದು ವಿಜಯನಗರದ ಓದುಗರೊಬ್ಬರು ಕೇಳಿದ್ದಾರೆ. 2022ರಲ್ಲಿ ತೆರೆಕಂಡ 'ಗಂಧದ ಗುಡಿ' ಸಾಕ್ಷ್ಯಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿದವರಿಗೆ ಈ ಆಸೆ ಹುಟ್ಟುವುದು ಸಹಜವೇ.

ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ಹೆಚ್ಚಿನವರು ಅಲ್ಲಿ ಮಾಡುವುದು ಪರಿಚಯದ ಡೈವ್. ತರಬೇತುದಾರ ನಿಮ್ಮನ್ನು ಹಿಡಿದಿರುತ್ತಾನೆ. ತೇಲುವಿಕೆ ಹೊಂದಿಸುವ ಜಾಕೆಟ್ಟಿಗೆ ಗಾಳಿ ತುಂಬುವುದು, ಬಿಡುವುದು, ಆಳ ನೋಡಿಕೊಳ್ಳುವುದು ಎಲ್ಲವೂ ಅವನದೇ ಕೆಲಸ. ಮೀನು ನೋಡುವುದಷ್ಟೇ ನಿಮ್ಮದು. ಸ್ವಂತವಾಗಿ ಮುಳುಗಲು ಓಪನ್ ವಾಟರ್ ಕೋರ್ಸ್ ಮುಗಿಸಬೇಕು: ಪಾಠ, ಈಜುಕೊಳದ ಅಭ್ಯಾಸ, ಆಮೇಲೆ ಕಡಲಿನಲ್ಲಿ 4 ಡೈವ್. ಅಷ್ಟಾದರೆ ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆಯ ನಿಯಮದಂತೆ 12 ವರ್ಷ ತುಂಬಿದ ಯಾರೇ ಆದರೂ ರಾತ್ರಿ ಡೈವಿನ ತರಬೇತಿಗೆ ಸೇರಬಹುದು. ನಿಯಮ ಒಪ್ಪಿತು. ಆದರೆ ದೇಹ ಒಪ್ಪುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ದುಪ್ಪಟ್ಟಾಗುತ್ತದೆ, 20ಕ್ಕೆ ಮೂರು ಪಟ್ಟು. ಹಾಗಾಗಿ 20ರಿಂದ 10 ಮೀಟರಿಗೆ ಏರುವಾಗ ಜಾಕೆಟ್ಟಿನ ಗಾಳಿ ಒಂದೂವರೆ ಪಟ್ಟು ಹಿಗ್ಗಿದರೆ, 10ರಿಂದ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಮೇಲಿನ ನೀರೇ ಹೆಚ್ಚು ಜಾರು. ಒಂದಿಷ್ಟು ಮೇಲೇರಿದರೆ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ಇನ್ನಷ್ಟು ಮೇಲೆತ್ತುತ್ತದೆ. ಆ ಹೊತ್ತಿನಲ್ಲಿ ಗಾಬರಿಯಾಗಿ ಉಸಿರು ಬಿಗಿಹಿಡಿದರೆ ಶ್ವಾಸಕೋಶಕ್ಕೇ ಗಾಯವಾಗಬಹುದು.

ಹಗಲಿನಲ್ಲಿ ಈ ಏರಿಕೆಯನ್ನು ಮೊದಲು ಹೇಳುವುದು ಕಣ್ಣು. ಹವಳದ ಬಂಡೆ ಕೆಳಗೆ ಸರಿಯುತ್ತಿದೆ ಎಂದು ಓರೆನೋಟಕ್ಕೆ ತಿಳಿಯುತ್ತದೆ, ಕೈ ತಾನಾಗಿ ಗಾಳಿ ಬಿಡುತ್ತದೆ. ರಾತ್ರಿ ಟಾರ್ಚಿನ ಬೆಳಕಿನಾಚೆ ಆ ಓರೆನೋಟಕ್ಕೆ ಆಧಾರವೇ ಇಲ್ಲ. ನಿಧಾನವಾಗಿ ಏರುವುದು ಒಳಕಿವಿಗೂ ಸರಿಯಾಗಿ ತಿಳಿಯದು.

ಕಣ್ಣಿನ ಕತೆ ಸ್ವಲ್ಪ ಹೇಳಲೇಬೇಕು. ಬೆಳಕಿಗೊಂದು, ಕತ್ತಲಿಗೊಂದು ಎಂದು ನಮ್ಮ ಅಕ್ಷಿಪಟದಲ್ಲಿ ಎರಡು ಬಗೆಯ ಕೋಶಗಳಿವೆ ಎಂದು 1866ರಲ್ಲಿ ತೋರಿಸಿದವರು ಜರ್ಮನಿಯ ಮ್ಯಾಕ್ಸ್ ಶುಲ್ಟ್ಸೆ. ಹತ್ತು ವರ್ಷದ ಬಳಿಕ ಫ್ರಾನ್ಸ್ ಬೋಲ್ ಕಪ್ಪೆಯ ಅಕ್ಷಿಪಟದಲ್ಲಿ ಕೆಂಪು ವರ್ಣದ್ರವ್ಯವೊಂದನ್ನು ಕಂಡರು; ಬೆಳಕು ಬಿದ್ದರೆ ಅದು ಬಿಳಿಚಿಕೊಳ್ಳುತ್ತಿತ್ತು. ಅದರಲ್ಲಿ ವಿಟಮಿನ್ ಎ ಪಾತ್ರವನ್ನು ಬಿಡಿಸಿದ ಜಾರ್ಜ್ ವಾಲ್ಡ್ 1967ರಲ್ಲಿ ನೊಬೆಲ್ ಪಡೆದರು. ಈ ದ್ರವ್ಯ ಮತ್ತೆ ತುಂಬಿಕೊಂಡು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸುಮಾರು 30 ನಿಮಿಷ ಬೇಕು. ಗೆಳೆಯನ ಟಾರ್ಚ್ ಒಮ್ಮೆ ನೇರವಾಗಿ ಮುಖಕ್ಕೆ ಬಿದ್ದರೆ ಆ ಗಳಿಕೆಯೆಲ್ಲ ಕ್ಷಣದಲ್ಲಿ ಹೋಗುತ್ತದೆ. ರಾತ್ರಿ ಡೈವಿನಲ್ಲಿ ಬೆಳಕನ್ನು ಯಾರ ಮುಖಕ್ಕೂ ಬಿಡಬಾರದು ಎನ್ನುವುದು ಇದಕ್ಕೇ.

ರಾಜಾಜಿನಗರದ ಹಳೆಯ ಮನೆಗಳಲ್ಲಿ ಕರೆಂಟು ಹೋದಾಗ ಏನಾಗುತ್ತಿತ್ತು ನೆನಪಿಸಿಕೊಳ್ಳಿ. ಮನೆಯವರು ನಡುಮನೆಯಿಂದ ಎದ್ದು, ಹೊಸಿಲು ದಾಟಿ, ಒಲೆಯ ಪಕ್ಕದ ಬೆಂಕಿಪೊಟ್ಟಣಕ್ಕೆ ನೇರವಾಗಿ ಕೈಹಾಕುತ್ತಿದ್ದರು. ಅದೇ ಮನೆಗೆ ಬಂದ ನೆಂಟ ಎರಡನೇ ಹೆಜ್ಜೆಗೇ ಕುರ್ಚಿಗೆ ಮೊಣಕಾಲು ತಗಲಿಸಿಕೊಳ್ಳುತ್ತಿದ್ದ. ಇಬ್ಬರ ಕಣ್ಣೂ ಒಂದೇ, ಕತ್ತಲೂ ಒಂದೇ. ಮನೆಯವರಿಗೆ ದಾರಿ ಕಾಲಿಗೆ ಬರುತ್ತಿತ್ತು. ನೆಂಟನಿಗೂ ನಾಲ್ಕು ದಿನ ಅಲ್ಲೇ ಉಳಿದಿದ್ದರೆ ಬರುತ್ತಿತ್ತು. ಮೊದಲ ರಾತ್ರಿ ಡೈವನ್ನು ಹಗಲಿನಲ್ಲಿ ಇಳಿದು ನೋಡಿದ ಜಾಗದಲ್ಲೇ ಮಾಡಿಸುವುದು, ಬೇಕೆಂದೇ ಮುಸ್ಸಂಜೆಯಲ್ಲಿ ಶುರುಮಾಡುವುದು ಇದೇ ಕಾರಣಕ್ಕೆ. ಜಾಗದಷ್ಟೇ ಸಲಕರಣೆಯೂ ಕೈಗೆ ಬಂದಿರಬೇಕು. ಗಾಳಿ ಬಿಡುವ ಗುಂಡಿ ಎಲ್ಲಿದೆ ಎಂದು ಹುಡುಕುವವರು ಇನ್ನೂ ಆ ಮನೆಗೆ ನೆಂಟರೇ.

ಹಾಗಾಗಿ 'ಎಷ್ಟು ಡೈವ್ ಆಗಿರಬೇಕು' ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಪ್ಯಾಕೇಜ್ ಮಾರುವವರಿಗೆ ಸಂಖ್ಯೆ ಅನುಕೂಲ, ಕಲಿಯುವವರಿಗಲ್ಲ. ಹಗಲಿನಲ್ಲಿ, ತರಬೇತುದಾರರ ಎದುರಿಗೆ, 5 ಮೀಟರ್ ಆಳದಲ್ಲಿ ಹಗ್ಗ ಹಿಡಿಯದೆ 3 ನಿಮಿಷ ನಿಲ್ಲಿ. ನಿಂತಲ್ಲೇ ಮಾಸ್ಕಿಗೆ ನೀರು ಬಿಟ್ಟುಕೊಂಡು ಹೊರಹಾಕಿ. ಗಾಳಿಯ ಗೇಜ್ ಓದಿ ಗೆಳೆಯನಿಗೆ ಸನ್ನೆಯಲ್ಲಿ ತಿಳಿಸಿ. ಇಷ್ಟು ಮಾಡುವಾಗ ಆಳ ಹೆಚ್ಚುಕಡಿಮೆಯಾಗದೆ, ಉಸಿರು ಓಟಕ್ಕೆ ಬೀಳದೆ ಇದ್ದರೆ ನೀವು ಸಿದ್ಧ. ಒಬ್ಬೊಬ್ಬರ ಬಳಿ ಎರಡೆರಡು ಟಾರ್ಚ್ ಇರಲಿ. ಬೆಳಕಿನಿಂದ ನಿಧಾನವಾಗಿ ವೃತ್ತ ಬರೆದರೆ 'ಸರಿಯಿದ್ದೇನೆ', ಅತ್ತಿತ್ತ ಜೋರಾಗಿ ಬೀಸಿದರೆ 'ತೊಂದರೆಯಿದೆ, ಇತ್ತ ನೋಡು'.

ಅಷ್ಟು ಕಲಿತವರಿಗೆ ಸಿಗುವುದು ಕಡಿಮೆಯದಲ್ಲ. ಹಗಲಿನಲ್ಲಿ ನೀರು ಮೊದಲು ನುಂಗುವ ಬಣ್ಣ ಕೆಂಪು. ರಾತ್ರಿ ಹತ್ತಿರ ಹಿಡಿದ ಟಾರ್ಚಿನಲ್ಲಿ ಅದು ಪೂರ್ತಿ ಮರಳುತ್ತದೆ. ಹವಳದ ಪಾಲಿಪ್‌ಗಳು ಬೇಟೆಗೆ ಬಾಯಿ ತೆರೆದಿರುತ್ತವೆ. ಕೆಲವು ಜಾತಿಯ ಗಿಳಿಮೀನುಗಳು ತಮ್ಮದೇ ಲೋಳೆಯ ಚೀಲದೊಳಗೆ ನಿದ್ದೆ ಹೋಗಿರುತ್ತವೆ.

ವಿಜಯನಗರದ ಓದುಗರಿಗೆ ನನ್ನ ಸಲಹೆ ಇಷ್ಟು: ಈಜು ಬರದಿದ್ದರೆ ಮನೆ ಹತ್ತಿರದ ಕೊಳದಲ್ಲಿ ಮೊದಲು ಕಲಿಯಿರಿ. ಮುಂದಿನ ರಜೆಗೆ ಓಪನ್ ವಾಟರ್ ಕೋರ್ಸ್ ಮುಗಿಸಿ. ರಾತ್ರಿ ಡೈವ್ ಅದರಾಚೆಯ ರಜೆಗೆ ಇರಲಿ.