ಹೊಟ್ಟಿನ ಲೆಕ್ಕ: ತಲೆಹೊಟ್ಟಿನ ಚಿಕಿತ್ಸಾ ಅಧ್ಯಯನಗಳು ಏನನ್ನು, ಹೇಗೆ ಬರೆದಿಡುತ್ತವೆ?

ತಲೆಹೊಟ್ಟು ರಕ್ತಪರೀಕ್ಷೆಯಲ್ಲಿ ಪತ್ತೆಯಾಗುವ ಕಾಯಿಲೆಯಲ್ಲ. ಸಕ್ಕರೆ ಕಾಯಿಲೆಗೆ ಇರುವಂತೆ ಯಂತ್ರ ತೋರಿಸುವ ಖಚಿತ ಅಂಕಿ ಇದಕ್ಕಿಲ್ಲವಾದ್ದರಿಂದ, ಒಂದು ಶಾಂಪೂ ಅಥವಾ ತೈಲ ಇದನ್ನು ಕಡಿಮೆ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಬಹುಮಟ್ಟಿಗೆ ವೈದ್ಯರ ಕಣ್ಣಿಗೆ ಕಂಡದ್ದನ್ನೂ ರೋಗಿಯ ಬಾಯಿಂದ ಬಂದದ್ದನ್ನೂ ಅಂಕಿಗಳಾಗಿಸಿದ ಕಾಗದದಲ್ಲಿಯೇ. ಆ ಬರಹ ಸಡಿಲವಾದರೆ ಔಷಧ ಎಷ್ಟೇ ಒಳ್ಳೆಯದಿದ್ದರೂ ಫಲಿತಾಂಶವನ್ನು ನಂಬುವಂತಿಲ್ಲ. ಹಳೆಯ ಗುಡಿಗಳಿಗೆ ಹೆಸರಾದ ಶಹಾಪುರ ತಾಲ್ಲೂಕಿನ ಶಿರವಾಳದಂಥ ಊರಿಗೂ ಈ ಮಾತು ದೂರದ್ದಲ್ಲ, ಏಕೆಂದರೆ ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಜೋತುಬಿದ್ದ ಶಾಂಪೂ ಚೀಟುಗಳ ಮೇಲಿನ ಭರವಸೆಗಳಿಗೆ ಆಧಾರವಿದ್ದರೆ ಅದು ಇಂಥ ಕಾಗದವೇ.

ಹೊಟ್ಟಿಗೂ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೂ ಸಂಬಂಧವಿದೆ. 1874ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಮಲಸೇ ಅವರ ಹೆಸರನ್ನೇ ಹೊತ್ತ ಈ ಜೀವಿ ಬಹುತೇಕ ಎಲ್ಲರ ನೆತ್ತಿಯಲ್ಲೂ ಇರುತ್ತದೆ. ಅದು ನೆತ್ತಿಯ ಜಿಡ್ಡನ್ನು ಒಡೆದು ಬಿಡುಗಡೆ ಮಾಡುವ ಕೊಬ್ಬಿನ ಆಮ್ಲಗಳಿಗೆ ಕೆಲವರ ಚರ್ಮ ಕೆರಳಿ, ಮೇಲ್ಪದರ ಅವಧಿಗೆ ಮುನ್ನವೇ ಕಳಚಿ ಬೀಳುತ್ತದೆ. ಕಿಟೋಕೊನಜೋಲ್, ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್ ಮುಂತಾದವು ಕೆಲಸ ಮಾಡುವುದು ಮುಖ್ಯವಾಗಿ ಈ ಶಿಲೀಂಧ್ರದ ಮೇಲೆ.

ಅಳತೆಗೆ ಬಹಳವಾಗಿ ಬಳಕೆಯಲ್ಲಿರುವ ಕ್ರಮವೊಂದರಲ್ಲಿ ಪರೀಕ್ಷಕರು ತಲೆಯನ್ನು ಎಂಟು ಭಾಗಗಳಾಗಿ ವಿಂಗಡಿಸಿ, ಕೂದಲನ್ನು ಬೈತಲೆ ತೆಗೆದಂತೆ ಸರಿಸಿ, ನೆತ್ತಿಗೆ ಅಂಟಿಕೊಂಡ ಹೊಟ್ಟಿಗೆ ಪ್ರತಿ ಭಾಗದಲ್ಲೂ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಎಂಟನ್ನೂ ಕೂಡಿದರೆ ಗರಿಷ್ಠ 80. ಹೆಗಲ ಮೇಲೆ ಉದುರಿದ ಪುಡಿಯನ್ನು ಇಲ್ಲಿ ಎಣಿಸುವುದಿಲ್ಲ, ಏಕೆಂದರೆ ಅದು ಹಿಂದಿನ ದಿನ ತಲೆ ಬಾಚಿದ್ದನ್ನೂ ಅಂಗಿಯ ಬಣ್ಣವನ್ನೂ ಅವಲಂಬಿಸುತ್ತದೆ. ಒಬ್ಬರ ಆರು ಇನ್ನೊಬ್ಬರ ಕಣ್ಣಿಗೆ ನಾಲ್ಕಾಗಬಹುದಾದ್ದರಿಂದ, ಒಬ್ಬ ರೋಗಿಯನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ಒಬ್ಬರೇ ಪರೀಕ್ಷಕರು ನೋಡುವುದು ಲೇಸು. ಅವರಿಗೆ ರೋಗಿ ಯಾವ ಶಾಂಪೂ ಬಳಸುತ್ತಿದ್ದಾನೆಂಬುದು ತಿಳಿದಿರಬಾರದು. ಡಾಂಬರಿನ ವಾಸನೆಯ ಶಾಂಪೂ ಪರೀಕ್ಷೆಯಲ್ಲಿದ್ದರೆ ಈ ಮುಚ್ಚುಮರೆ ಎಷ್ಟು ಹೊತ್ತು ಉಳಿದೀತು ಎಂಬುದು ಬೇರೆ ಮಾತು.

ಈ ಅಂಕಗಳು ಸೇರುವುದು ರೋಗಿಗೊಂದರಂತೆ ಇರುವ ದಾಖಲೆ ನಮೂನೆಯಲ್ಲಿ. ಅಲ್ಲಿ ತಪ್ಪಾದ ಅಂಕಿಯನ್ನು ಅಳಿಸುವಂತಿಲ್ಲ, ಬಿಳಿ ಶಾಯಿ ಬಳಿಯುವಂತಿಲ್ಲ. ಕೆಳಗಿನ ಬರಹ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಕಿರುಸಹಿ ಮತ್ತು ದಿನಾಂಕ ಹಾಕಬೇಕು. ‘0’ ಎಂದರೆ ಹೊಟ್ಟು ಇರಲಿಲ್ಲ. ಖಾಲಿ ಬಿಟ್ಟರೆ ನೋಡಲಿಲ್ಲವೋ, ನೋಡಿ ಬರೆಯಲಿಲ್ಲವೋ, ರೋಗಿ ಬರಲೇ ಇಲ್ಲವೋ ತಿಳಿಯದು. ಆದ್ದರಿಂದ ಖಾಲಿತನಕ್ಕೂ ಅದರದೇ ಸಂಕೇತ ಬೇಕು. ಬಾರದ ರೋಗಿಯ ಖಾನೆಯಲ್ಲಿ ಸೊನ್ನೆ ಬಿದ್ದರೆ ಅವನು ಲೆಕ್ಕದಲ್ಲಿ ಗುಣಮುಖನಾಗಿಬಿಡುತ್ತಾನೆ.

ರೋಗಿ ಹೇಳಿದ ತೊಂದರೆಗಳನ್ನು ಸಂಕೇತಕ್ಕಿಳಿಸಲು ಮೆಡ್‌ಡ್ರಾ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪದಕೋಶವಿದ್ದು, ಅದರಲ್ಲಿ ಪದಗಳು ಐದು ಹಂತಗಳಲ್ಲಿ ಜೋಡಣೆಗೊಂಡು ಕೊನೆಗೆ 27 ದೊಡ್ಡ ವರ್ಗಗಳಲ್ಲಿ ಸೇರುತ್ತವೆ. ಶಾಂಪೂ ಹಚ್ಚಿದಾಗ ಕಣ್ಣು ಉರಿಯಿತೆಂದು ಹೇಳಿದ್ದು ನೇತ್ರ ವರ್ಗದ ‘ಕಣ್ಣಿನ ಕೆರಳಿಕೆ’ಯಾಗುತ್ತದೆ. ‘ಬಾಚಿದಾಗ ನಾಕ್ ಕೂದ್ಲ ಬರ್ತಾವ’ ಎಂದದ್ದನ್ನು ನಮೂನೆಯಲ್ಲಿ ಕೂದಲುದುರುವಿಕೆ ಎಂದು ಬರೆದರೆ ಅದು ಅಲೋಪೇಶಿಯಾ, ಅಂದರೆ ಬೋಳಾಗುವಿಕೆಗೂ ಸಲ್ಲುವ ಪದವಾಗಿ ಕೋಷ್ಟಕ ಸೇರುತ್ತದೆ. ರೋಗಿಯ ಮೂಲ ಮಾತನ್ನು ಇದ್ದಂತೆಯೇ ಬರೆದಿಟ್ಟಿದ್ದರೆ ಮಾತ್ರ ಈ ಉತ್ಪ್ರೇಕ್ಷೆಯನ್ನು ಮುಂದೆ ಯಾರಾದರೂ ಗುರುತಿಸಬಲ್ಲರು.

ಶಹಾಪುರ, ಸುರಪುರಗಳ ಕಡೆ ಇಂಥ ಅಧ್ಯಯನ ನಡೆಸುವುದಾದರೆ ಸಿದ್ಧ ನಮೂನೆ ಸಾಲದು. ಅಲ್ಲಿ ತಲೆಗೆ ಕೊಬ್ಬರಿ ಎಣ್ಣೆಯನ್ನೋ ಔಡಲೆಣ್ಣೆಯನ್ನೋ ಹಚ್ಚಿ, ವಾರಕ್ಕೊಮ್ಮೆ ಎರೆದುಕೊಳ್ಳುವ ರೂಢಿ ಅನೇಕ ಮನೆಗಳಲ್ಲಿದೆ; ಜಿಡ್ಡನ್ನೇ ಉಂಡು ಬದುಕುವ ಶಿಲೀಂಧ್ರದ ಅಧ್ಯಯನದಲ್ಲಿ ಎಣ್ಣೆಯ ಬಗೆ, ಹಚ್ಚಿದ ದಿನ, ತೊಳೆದ ದಿನ, ಬಳಸಿದ್ದು ಸೀಗೆಕಾಯಿಯೋ ಅಂಟವಾಳವೋ ಎಂಬುದಕ್ಕೆ ಪ್ರತ್ಯೇಕ ಖಾನೆಗಳಿಲ್ಲದಿದ್ದರೆ ಅಂಕದ ಏರಿಳಿತಕ್ಕೆ ಕಾರಣ ಶಾಂಪೂವೇ ಎಂದು ಹೇಳಲು ಬರುವುದಿಲ್ಲ. ಇನ್ನೊಂದು ತೊಡಕು ಗುಳೆ. ಈ ಊರುಗಳಿರುವ ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಕುಟುಂಬಗಳು ಗುಳೆ ಹೋಗುತ್ತವೆ; ನಾಲ್ಕನೆಯ ವಾರದ ಭೇಟಿಗೆ ಬಾರದ ಇಂಥವರನ್ನು ಅಧ್ಯಯನಗಳು ‘ಸಂಪರ್ಕ ತಪ್ಪಿದವರು’ ಎಂಬ ಒಂದೇ ಸಂಕೇತದಡಿ ಹಾಕಿಬಿಡುತ್ತವೆ. ಔಷಧ ಒಗ್ಗದೆ ಬಿಟ್ಟವನೂ ಹೊಟ್ಟೆಪಾಡಿಗೆ ಊರು ಬಿಟ್ಟವನೂ ಒಂದೇ ಸಾಲಿನಲ್ಲಿ ನಿಲ್ಲುವ ಈ ವ್ಯವಸ್ಥೆ ಸರಿಯಲ್ಲ. ಗುಳೆಗೆ ಬೇರೆ ಸಂಕೇತವಿರಲೇಬೇಕು.

ಆಯುರ್ವೇದ ತಲೆಹೊಟ್ಟನ್ನು ದಾರುಣಕ ಎನ್ನುತ್ತದೆ. ಸುಶ್ರುತ ಇದನ್ನು ಕ್ಷುದ್ರರೋಗಗಳಲ್ಲಿ ಸೇರಿಸಿದ್ದಾನೆ. ಕರ್ನಾಟಕದ ಆಯುರ್ವೇದ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಿಗೆ ಇದು ಚಿರಪರಿಚಿತ ವಿಷಯ. ಅವುಗಳಲ್ಲಿ ತುರಿಕೆ, ರೂಕ್ಷತೆ, ಚರ್ಮ ಬಿರಿಯುವಿಕೆ ಮುಂತಾದ ಲಕ್ಷಣಗಳಿಗೆ 0ಯಿಂದ 3ರವರೆಗೆ ದರ್ಜೆ ಕೊಡುವುದು ಸಾಮಾನ್ಯ. ಈ 3ಕ್ಕೂ ಮೇಲಿನ 80ಕ್ಕೂ ಹೊಂದಾಣಿಕೆಯಿಲ್ಲದ ಕಾರಣ ಎರಡೂ ಬಗೆಯ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗುವುದು ಕಷ್ಟ. ಆಯುಷ್ ರೋಗನಾಮಗಳಿಗೆ ಏಕರೂಪ ಸಂಕೇತ ಕೊಡುವ ನಮಸ್ತೆ ಪೋರ್ಟಲ್ 2017ರಲ್ಲಿ ಆರಂಭವಾಯಿತು. 2024ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿಯೂ ಆಯುರ್ವೇದ, ಸಿದ್ಧ, ಯುನಾನಿ ಪದಗಳ ಭಾಗವೊಂದು ಸೇರಿತು. ಇದರಿಂದ ರೋಗದ ಹೆಸರಿಗೆ ಸಂಕೇತ ದೊರೆಯಿತೇ ಹೊರತು ಅದರ ತೀವ್ರತೆಯ ಅಳತೆ ಇನ್ನೂ ಒಂದಾಗಿಲ್ಲ.

ಅಳತೆಯ ಮಹತ್ವಕ್ಕೆ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ನಿದರ್ಶನ. 331 ಜನರಲ್ಲಿ ಶೇ 2ರ ಕಿಟೋಕೊನಜೋಲ್ ಮತ್ತು ಶೇ 1ರ ಜಿಂಕ್ ಪೈರಿಥಿಯೋನ್ ಶಾಂಪೂಗಳನ್ನು ಹೋಲಿಸಿದಾಗ, ನಾಲ್ಕು ವಾರಗಳಲ್ಲಿ ಹೊಟ್ಟಿನ ಒಟ್ಟು ತೀವ್ರತೆಯ ಅಂಕ ಕ್ರಮವಾಗಿ ಶೇ 73 ಮತ್ತು ಶೇ 67ರಷ್ಟು ಸುಧಾರಿಸಿತ್ತು. ಇಂಥ ಆರು ಅಂಶಗಳ ಅಂತರ ನಿಂತಿರುವುದು ಪರೀಕ್ಷಕರು ಬರೆದ ಅಂಕಗಳ ಮೇಲೆ. ಅದರಲ್ಲಿಯೂ ಇದು ಯಾವ ಶಾಂಪೂ ಎಂಬುದನ್ನು ಮರೆಮಾಡದೆ ನಡೆಸಿದ ಅಧ್ಯಯನವಾಗಿತ್ತು.

ಭಾರತದಲ್ಲಿ ಚಿಕಿತ್ಸಾ ಪ್ರಯೋಗಗಳ ನೋಂದಣಿ ವ್ಯವಸ್ಥೆ 2007ರ ಜುಲೈನಲ್ಲಿ ಆರಂಭವಾಗಿದ್ದು, ಯಾವ ಲಕ್ಷಣವನ್ನು ಯಾವ ವಾರ ಅಳೆಯುತ್ತೇವೆ ಎಂಬುದನ್ನು ಸಂಶೋಧಕರು ಅಲ್ಲಿ ಘೋಷಿಸಬೇಕಾಗುತ್ತದೆ. ಅದರ ಜಾಲತಾಣ ಯಾರಿಗಾದರೂ ಉಚಿತವಾಗಿ ತೆರೆದಿದೆ. ಹೊಟ್ಟು ಪೂರ್ತಿ ಮಾಯವೆಂದು ಜಾಹೀರಾತು ಹೇಳಿದಾಗ ಓದುಗರು ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ, ಅಳೆದವರು ಯಾರು, ಎಷ್ಟು ವಾರದ ಮೇಲೆ, ಎಷ್ಟಕ್ಕೆ ಎಷ್ಟು ಅಂಕ ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು.