ಹೂ ಬಿಟ್ಟಿತು, ಕಾಯಿ ಎಲ್ಲಿ?

ಪ್ರಶ್ನೆ: ಕುಂಡದಲ್ಲಿ ಬಿತ್ತಿದ ಶೇಂಗಾ ಗಿಡ ಹಳದಿ ಹೂ ಬಿಟ್ಟಿತು. ಹೂವೆಲ್ಲ ಬಾಡಿತು, ಕೊಂಬೆಯಲ್ಲಿ ಕಾಯಿಯೇ ಇಲ್ಲ. ಏಕೆ?

ಉತ್ತರ: ಕಾಯಿ ಕೊಂಬೆಯಲ್ಲಿ ಬಿಡುವುದಿಲ್ಲ. ಬೇರಿನಲ್ಲೂ ಅಲ್ಲ! ಬೆಳಿಗ್ಗೆ ಅರಳಿದ ಹೂ ತನ್ನ ಪರಾಗದಿಂದಲೇ ಫಲಿತವಾಗಿ ಅದೇ ದಿನ ಬಾಡುತ್ತದೆ. ಕೆಲವು ದಿನಗಳಲ್ಲಿ ಅದರ ಬುಡದಿಂದ ನಸುಗೆಂಪು ಕಡ್ಡಿಯೊಂದು ಹೊರಟು ನೆಲದತ್ತ ಬಾಗುತ್ತದೆ. ಅಂಡಾಶಯ ಅದರ ತುದಿಯಲ್ಲಿರುತ್ತದೆ. ಮಣ್ಣಿಗಿಳಿದು ಕತ್ತಲು, ತೇವ ಸಿಕ್ಕ ಮೇಲೆಯೇ ತುದಿ ಊದಿ ಕಾಯಾಗುವುದು. ಸಸ್ಯಲೋಕದಲ್ಲಿ ಇಷ್ಟು ಚೆಂದದ ಏರ್ಪಾಡು ಅಪರೂಪ.

ಹಾಗಾಗಿ ಈಗಲೇ ಬುಡಕ್ಕೆ ಸಡಿಲ ಮಣ್ಣು ಏರಿಸಿ. ಕಡ್ಡಿ ಇಳಿದ ಮೇಲೆ ಕೆದಕಬೇಡಿ. ಮಣ್ಣು ಗಟ್ಟಿಯಾದರೆ ಕಡ್ಡಿ ಒಳಹೋಗದು. ಚಳ್ಳಕೆರೆ, ಪಾವಗಡದ ಕೆಂಪು ಮರಳುಮಿಶ್ರಿತ ನೆಲ ಶೇಂಗಾಕ್ಕೆ ಒಗ್ಗಿರುವುದಕ್ಕೆ ಇದೂ ಒಂದು ಕಾರಣ. ಕುಂಡ ಅಗಲವಾಗಿರಲಿ, ಇಲ್ಲವಾದರೆ ಕಡ್ಡಿಗಳು ಅಂಚಿನಾಚೆ ಗಾಳಿಯಲ್ಲೇ ಒಣಗುತ್ತವೆ. ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಅದಕ್ಕೇ ರೈತರು ಹೂ ಬಿಡುವಾಗ ಜಿಪ್ಸಂ ಹಾಕುವುದು. ನೀವೂ ಒಂದು ಹಿಡಿ ಹಾಕಿ.

ಬಿತ್ತಿದ 100–120 ದಿನಕ್ಕೆ ಒಂದು ಕಾಯಿ ಕಿತ್ತು ಬಿಡಿಸಿ. ಸಿಪ್ಪೆಯ ಒಳಮೈ ಕಂದುಗಟ್ಟಿದ್ದರೆ ಗಿಡ ಕೀಳಬಹುದು.