ಮೇಕೆಯ ಬೆಲೆ, ಕರಿಮರದ ಬೆಲೆ: ಸಣ್ಣ ದ್ವೀಪಗಳ ನಿಸರ್ಗಸಂಪತ್ತನ್ನು ಕುರಿತು

ದೊಡ್ಡ ಭೂಖಂಡವೊಂದರಲ್ಲಿ ಕಾಡು ಕಡಿದು ಮುಗಿದಾಗ ಜನರು ಮುಂದಿನ ಕಣಿವೆಗೆ ಸರಿಯುತ್ತಾರೆ. ನಷ್ಟವು ಹಲವು ತಲೆಮಾರುಗಳಲ್ಲಿ ಹಂಚಿಹೋಗುವುದರಿಂದ ಅದರ ಲೆಕ್ಕವನ್ನಿಟ್ಟವರು ವಿರಳ. ಸಣ್ಣ ದ್ವೀಪದಲ್ಲಿ ಮುಂದಿನ ಕಣಿವೆ ಎಂಬುದೇ ಇಲ್ಲ. ಆದುದರಿಂದಲೇ ನಿಸರ್ಗಸಂಪತ್ತಿಗೆ ಬೆಲೆ ಕಟ್ಟುವ, ಅದನ್ನು ಕಾನೂನಿನಿಂದ ಕಾಯುವ ಪ್ರಯತ್ನಗಳ ಕೆಲವು ಹಳೆಯ ದಾಖಲೆಗಳು ದ್ವೀಪಗಳಿಂದ ಬಂದಿವೆ. ಅವುಗಳಲ್ಲಿ ಸೇಂಟ್ ಹೆಲೆನಾದ ವೃತ್ತಾಂತವನ್ನು ನಾವು ಇಲ್ಲಿ ಮುಖ್ಯವಾಗಿ ಪರಿಶೀಲಿಸುತ್ತೇವೆ.

ದಕ್ಷಿಣ ಅಟ್ಲಾಂಟಿಕ್ ಸಾಗರದ ಈ ದ್ವೀಪದ ವಿಸ್ತೀರ್ಣ ಸುಮಾರು 122 ಚದರ ಕಿಲೋಮೀಟರು. 1502ರಲ್ಲಿ ಪೋರ್ಚುಗೀಸರು ಇದನ್ನು ಕಂಡರು. ಹಡಗಿನವರಿಗೆ ಮಾಂಸ ದೊರೆಯಲೆಂದು ಮೇಕೆಗಳನ್ನು ತಂದುಬಿಟ್ಟರು. 1659ರಿಂದ ದ್ವೀಪವು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಇಲ್ಲಿನ ಕರಿಮರವು ನಮ್ಮಲ್ಲಿ ಆ ಹೆಸರಿನಿಂದ ತಿಳಿದಿರುವ ಮರವಲ್ಲ. ಅದು ದಾಸವಾಳದ ಕುಟುಂಬಕ್ಕೆ ಸೇರಿದ, ಜಗತ್ತಿನ ಬೇರೆಲ್ಲಿಯೂ ಇಲ್ಲದ ಗಿಡ. ಕೋಟೆಯ ಕೆಲಸಕ್ಕೆ ಬೇಕಾದ ಸುಣ್ಣವನ್ನು ಸುಡುವುದಕ್ಕೆ ಇದೇ ಸೌದೆಯಾಯಿತು. ತೊಗಲು ಹದಮಾಡುವವರು ತೊಗಟೆಯನ್ನು ಸುಲಿದುಕೊಂಡು ಮರವನ್ನು ನಿಂತಲ್ಲಿಯೇ ಒಣಗಲು ಬಿಟ್ಟರು.

ಮೇಕೆಯ ಹಾವಳಿಯಾದರೋ ಇನ್ನೂ ಸೂಕ್ಷ್ಮವಾದುದು. ಬೆಳೆದು ನಿಂತ ಮರವನ್ನು ಮೇಕೆ ಕೊಲ್ಲಲಾರದು. ಅದು ತಿನ್ನುವುದು ಸಸಿಗಳನ್ನು. ಆದಕಾರಣ ಕಾಡು ನೂರಾರು ವರ್ಷ ಇದ್ದಂತೆಯೇ ಕಾಣುತ್ತದೆ. ಮುದಿಮರಗಳ ಆಯುಸ್ಸು ತೀರಿದಾಗ ಅವುಗಳ ಜಾಗಕ್ಕೆ ಬರಲು ಒಂದು ಗಿಡವೂ ಉಳಿದಿರುವುದಿಲ್ಲ. ಪ್ರಕೃತಿವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೆಸ್ ದ್ವೀಪಜೀವನವನ್ನು ಕುರಿತ ತನ್ನ 1880ರ ಗ್ರಂಥದಲ್ಲಿ ಒಂದು ಪತ್ರವ್ಯವಹಾರವನ್ನು ದಾಖಲಿಸಿದ್ದಾನೆ. 18ನೆಯ ಶತಮಾನದಲ್ಲಿ ದ್ವೀಪದ ಗವರ್ನರನು, ಮರಗಳು ತೀರಿಹೋಗುತ್ತಿವೆ, ಅನಾವೃಷ್ಟಿ ತಲೆದೋರಿದೆ, ಕರಿಮರವುಳಿಯಬೇಕಾದರೆ ಮೇಕೆಗಳನ್ನು ನಿರ್ಮೂಲಗೊಳಿಸಬೇಕೆಂದು ಲಂಡನ್ನಿಗೆ ಬರೆದನು. ಕರಿಮರಕ್ಕಿಂತ ಮೇಕೆಗಳೇ ಹೆಚ್ಚು ಬೆಲೆಯುಳ್ಳವು, ಅವುಗಳನ್ನು ಕೊಲ್ಲಕೂಡದೆಂದು ನಿರ್ದೇಶಕರು ಉತ್ತರವಿತ್ತರು. ಇದನ್ನು ಕೇವಲ ಮೌಢ್ಯವೆಂದು ನಾವು ತಳ್ಳಿಹಾಕುವಂತಿಲ್ಲ. ಹಡಗುಗಳಿಗೆ ಆ ವರ್ಷವೇ ಬೇಕಾದ ಮಾಂಸ ಅವರ ಲೆಕ್ಕದ ಪುಸ್ತಕದಲ್ಲಿತ್ತು. ಚಿಗುರುವ ಮುನ್ನವೇ ಮೇಕೆಯ ಹೊಟ್ಟೆ ಸೇರಿದ ಸಸಿಗೆ ಅದರಲ್ಲಿ ಕಲಮೇ ಇರಲಿಲ್ಲ.

ಆ ಕಲಮನ್ನು ತುಂಬಿದ್ದು 1810ರ ವರದಿ. ಮಹಾರಣ್ಯವು ನಾಶವಾದುದರಿಂದ ಸರ್ಕಾರದ ಉಪಯೋಗಕ್ಕೆ ಹೊರಗಿನಿಂದ ಉರುವಲು ತರಿಸಲು ಒಂದೇ ವರ್ಷದಲ್ಲಿ 2,729 ಪೌಂಡುಗಳಷ್ಟು ವೆಚ್ಚವಾಯಿತೆಂದು ವಾಲೆಸ್ ಅದರಿಂದ ತಿಳಿಸುತ್ತಾನೆ. ಆಗಿನ ಗವರ್ನರು ಅಲೆಗ್ಸಾಂಡರ್ ಬೀಟ್ಸನ್. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಮೋಜಣಿಯ ಮುಖ್ಯಾಧಿಕಾರಿಯಾಗಿದ್ದು, ಟಿಪ್ಪುವಿನೊಡನೆ ನಡೆದ ಆ ಯುದ್ಧದ ಚರಿತ್ರೆಯನ್ನು ಬರೆದ ಬೀಟ್ಸನ್ನನೇ ಈತ! ಮೈಸೂರಿನ ಇತಿಹಾಸವನ್ನು ಓದುವ ನಮ್ಮ ವಿದ್ಯಾರ್ಥಿಗಳು ಅವನನ್ನು ಸೇನೆಯ ಅಧಿಕಾರಿಯೆಂದು ಮಾತ್ರ ಬಲ್ಲರು. ದ್ವೀಪದಲ್ಲಿ ಮರ ಬೆಳೆಸಬೇಕೆಂದು ವಾದಿಸಿದ ಅವನ ಇನ್ನೊಂದು ಮುಖವೂ ಗಮನಾರ್ಹವಾದುದು.

ಇದಕ್ಕೂ ಮೊದಲೇ ಹಿಂದೂ ಮಹಾಸಾಗರದ ಮಾರಿಷಸ್ಸಿನಲ್ಲಿ ಬೇರೊಂದು ಬಗೆಯ ಯೋಚನೆ ನಡೆದಿತ್ತು. ಡಚ್ಚರು ಅಲ್ಲಿನ ಕರಿಮರಗಳನ್ನು ಕಡಿದು ಸಾಗಿಸಿದ್ದರು. ಡೋಡೋ ಹಕ್ಕಿ ಅವರ ಕಾಲದಲ್ಲಿಯೇ ನಿರ್ವಂಶವಾಯಿತು. 1767ರಲ್ಲಿ ಫ್ರೆಂಚರ ಆಡಳಿತಾಧಿಕಾರಿಯಾಗಿ ಬಂದ ಪಿಯೆರ್ ಪೊಯಿವ್ರ್ ಮಳೆಗೂ ಕಾಡಿಗೂ ಸಂಬಂಧವುಂಟೆಂದು ನಂಬಿದ್ದನು. 1769ರ ಶಾಸನವು ಭೂಮಾಲಿಕರು ತಮ್ಮ ನೆಲದ ಕಾಲುಭಾಗವನ್ನು ಕಾಡಾಗಿಯೇ ಉಳಿಸಬೇಕೆಂದು ವಿಧಿಸಿತು. ಮುಂದೆ 19ನೆಯ ಶತಮಾನದಲ್ಲಿ ಕಬ್ಬಿನ ತೋಟಗಳು ಹಬ್ಬಿದಾಗ ಆ ಸಂಕಲ್ಪದ ಬಹುಭಾಗ ನಷ್ಟವಾಯಿತು. ವೆಸ್ಟ್ ಇಂಡೀಸಿನ ಟೊಬಾಗೋದಲ್ಲಿ 1776ರಲ್ಲಿ ಬೆಟ್ಟಸಾಲಿನ ಕಾಡನ್ನು ಮಳೆಯ ಸಲುವಾಗಿಯೇ ಕಾದಿರಿಸಲಾಯಿತು; ಅದು ಇಂದಿಗೂ ಉಳಿದಿದೆ.

ಈ ಶಾಸನಗಳನ್ನು ಮೆಚ್ಚುವಾಗ ಒಂದು ಸಂಗತಿಯನ್ನು ಮರೆಯಲಾಗದು. ಎರಡು ದ್ವೀಪಗಳೂ ಗುಲಾಮರ ದುಡಿಮೆಯ ಮೇಲೆ ನಿಂತಿದ್ದುವು. ಕಾಡಿಗೆ ಬೆಲೆ ಕಟ್ಟಿದವರು ತೋಟದೊಡೆಯರು ಮತ್ತು ಅವರ ಸರ್ಕಾರ. ಟೊಬಾಗೋದಲ್ಲಿ ಕಾದಿರಿಸಿದ್ದು ತೋಟಗಳಿಗೆ ಬೀಳುವ ಮಳೆಯನ್ನು. ಇನ್ನು ಆ ನಂಬಿಕೆಯ ವೈಜ್ಞಾನಿಕ ಆಧಾರವೇನು? ಸಣ್ಣ ದ್ವೀಪದ ಮಳೆಯನ್ನು ಬಹುಮಟ್ಟಿಗೆ ಸಾಗರದ ಗಾಳಿಯೂ ಬೆಟ್ಟದ ಎತ್ತರವೂ ನಿರ್ಧರಿಸುತ್ತವೆ. ಆದರೆ ಶಿಖರದ ಮರಗಳು ಮಂಜನ್ನು ಎಲೆಗಳಲ್ಲಿ ಹಿಡಿದು ಹನಿಹನಿಯಾಗಿ ನೆಲಕ್ಕಿಳಿಸುತ್ತವೆ, ಬೇರುಗಳು ಮಣ್ಣನ್ನು ಕಟ್ಟಿಹಿಡಿಯುತ್ತವೆ. ಪೊಯಿವ್ರನ ಕಾರಣ ಅಪೂರ್ಣವಾಗಿದ್ದರೂ ಅವನ ಆತಂಕ ಸಕಾರಣವಾಗಿತ್ತು.

ದ್ವೀಪಗಳ ಈ ಅನುಭವವೇ ಭಾರತದ ಅರಣ್ಯರಕ್ಷಣೆಗೆ ಮೂಲವೆಂದು ರಿಚರ್ಡ್ ಗ್ರೋವ್ 1995ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. 1840ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯಾಧಿಕಾರಿಯಾಗಿದ್ದ ಹ್ಯೂ ಕ್ಲೆಗಾರ್ನ್ 1851ರಲ್ಲಿ ಉಷ್ಣವಲಯದ ಕಾಡುಗಳ ನಾಶವನ್ನು ಕುರಿತ ವರದಿಯೊಂದನ್ನು ಬ್ರಿಟಿಷ್ ವಿದ್ವತ್ಸಭೆಗೆ ಒಪ್ಪಿಸಿ, 1856ರಲ್ಲಿ ಮದರಾಸಿನ ಅರಣ್ಯಾಧಿಕಾರಿಯಾದನು. ಸಂಬಂಧವಿರುವುದು ನಿಜ; ಆದರೂ ಹಡಗಿನ ತೇಗ, ರೈಲುಹಾದಿಯ ಅಡ್ಡಪಟ್ಟಿಗಳ ಅಗತ್ಯವು ಮಳೆಯ ಚಿಂತೆಗಿಂತ ಭಾರವಾಗಿತ್ತೆಂದೇ ನಮ್ಮ ಅಭಿಪ್ರಾಯ. ಆ ರಕ್ಷಣೆಯ ವೆಚ್ಚವನ್ನು ತೆತ್ತವರಲ್ಲಿ ಮಲೆನಾಡಿನ ಕುಮರಿ ಬೇಸಾಯಗಾರರೂ ಇದ್ದರು.

ಸೇಂಟ್ ಹೆಲೆನಾದ ಕಥೆ ಬೀಟ್ಸನ್ನನೊಡನೆ ಮುಗಿಯಲಿಲ್ಲ. ಮುಂದೆ ಶಿಖರಪ್ರದೇಶದ ಮಂಜಿನ ಕಾಡನ್ನು ತೆಗೆದು, ನ್ಯೂಜಿಲೆಂಡಿನಿಂದ ಬಂದ ನಾರಿನ ಗಿಡವನ್ನು ಬೆಳೆಸಿದರು. ಅದರ ನಾರಿನಿಂದ ಬ್ರಿಟಿಷ್ ಅಂಚೆಯ ಕಟ್ಟುಗಳಿಗೆ ಹುರಿ ತಯಾರಾಗುತ್ತಿತ್ತು. ಅಂಚೆಯವರು ಕೃತಕ ಹುರಿಗೆ ತಿರುಗಿಕೊಂಡೊಡನೆ, 1966ರ ಹೊತ್ತಿಗೆ, ಆ ಉದ್ಯಮವೂ ಮುಚ್ಚಿತು. ಗಿಡ ಮಾತ್ರ ಬೆಟ್ಟದ ಮೇಲೆ ಉಳಿಯಿತು. ನಿರ್ವಂಶವಾಯಿತೆಂದು ಎಣಿಸಿದ್ದ ಕರಿಮರದ ಎರಡು ಪೊದೆಗಳು 1980ರಲ್ಲಿ ಕಡಲಂಚಿನ ಕಡಿದಾದ ಬಂಡೆಯ ಮೇಲೆ, ಮೇಕೆಗೆ ನಿಲುಕದ ಎಡೆಯಲ್ಲಿ, ಸಿಕ್ಕಿದುವು. ಅವುಗಳಿಂದ ತೆಗೆದ ಕಡ್ಡಿಗಳನ್ನು ನೆಟ್ಟು ಸಾವಿರಾರು ಗಿಡಗಳನ್ನು ಮಾಡಿದ್ದಾರೆ. ಹಳೆಯ ಮಹಾರಣ್ಯವಿದ್ದ ಬಯಲಿನಲ್ಲಿ 2000ದಲ್ಲಿ ಮತ್ತೆ ದೇಶೀ ಮರಗಳನ್ನು ನೆಡಲಾರಂಭಿಸಿದರು.